ಗರಡಿಯ ಬಾಗಿಲು

ಮಸ್ಕಿಯ ಗುಡ್ಡದ ಬುಡದಲ್ಲಿದ್ದ ಗರಡಿಯ ಬಾಗಿಲು ಎಷ್ಟು ಗಿಡ್ಡ ಎಂದರೆ, ಎಂಥ ಜಟ್ಟಿಯಾದರೂ ಸೊಂಟ ಬಗ್ಗಿಸದೆ ಒಳಗೆ ಕಾಲಿಡುವಂತಿರಲಿಲ್ಲ. ಬೇಕೆಂತಲೇ ಹಾಗೆ ಕಟ್ಟಿದ್ದರು. ಹೊರಗೆ ನೀನು ಗೌಡನೋ ಸಾಹುಕಾರನೋ ಹಮಾಲನೋ, ಅದನ್ನು ಅಲ್ಲೇ ಬಿಟ್ಟು ತಲೆ ಬಾಗಿಸಿ ಬಾ ಅನ್ನುವುದು ಅದರ ಅರ್ಥ. ಕೇಳುವುದಕ್ಕೆ ಚಂದದ ಮಾತು. ಆದರೆ ಪಂಚಮಿಗೆ ಎಂಟು ದಿನ ಇರುವಾಗ ಅದೇ ಬಾಗಿಲಿನಿಂದ ಒಬ್ಬ ಗಂಡಾಳನ್ನು ಎತ್ತಿ ಸಾಗಿಸಬೇಕಾಗಿ ಬಂತಲ್ಲ, ಆವತ್ತು ತಾಯಪ್ಪ ಅದನ್ನು ಕಟ್ಟಿದವನಿಗೆ ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದ.

ತಾಯಪ್ಪ ಹತ್ತಿ ಜಿನ್ನಿನಲ್ಲಿ ಅಂಡಿಗೆ, ಎಂದರೆ ಹತ್ತಿಯ ದೊಡ್ಡ ಮೂಟೆ, ಹೊರುವ ಹಮಾಲ. ಮೂವತ್ತರ ಹತ್ತಿರ ವಯಸ್ಸು, ಅಗಲ ಹೆಗಲು, ಕಡಿಮೆ ಮಾತು. ಕುಸ್ತಿಯಲ್ಲಿ ಹೆಸರು ಮಾಡಿದವನೇನಲ್ಲ. ಸುತ್ತಲ ಊರಿನ ಕಣಗಳಲ್ಲಿ ಗೆದ್ದದ್ದಕ್ಕಿಂತ ಮಣ್ಣು ಮುಕ್ಕಿದ್ದೇ ಹೆಚ್ಚು. ಆದರೂ ಹದಿನಾಲ್ಕು ವರ್ಷದಿಂದ ಒಂದು ನಸುಕೂ ಗರಡಿ ತಪ್ಪಿಸಿರಲಿಲ್ಲ. ಗುದ್ದಲಿ ಹಿಡಿದು ಅಖಾಡದ ಕೆಮ್ಮಣ್ಣು ತಿರುವಿ ಹಾಕುವ ಕೆಲಸ ಯಾರೂ ಹೇಳದೆಯೇ ಅವನ ಪಾಲಿಗೆ ಬಂದಿತ್ತು. ಎಣ್ಣೆ, ಮಜ್ಜಿಗೆ, ಅರಿಶಿಣ, ನಿಂಬೆಹಣ್ಣು ಕುಡಿದ ಮಣ್ಣು ಅದು. ಅದರ ವಾಸನೆ ಮೂಗಿಗೆ ಬೀಳದಿದ್ದರೆ ತನಗೆ ರೊಟ್ಟಿ ಸೇರುವುದಿಲ್ಲ ಎಂದು ಅವನೇ ಹೇಳುತ್ತಿದ್ದ.

ಉಸ್ತಾದ ಹುಸೇನ್‌ಸಾಬ್ ಎಪ್ಪತ್ತರ ಮುದುಕ. ಕಣ್ಣು ಮಂಜಾಗಿದ್ದವು, ಬೆರಳು ಮಾತ್ರ ಆಗಿರಲಿಲ್ಲ. ಕೈ ಮುರಿದವರು, ಭುಜ ಜಾರಿದವರು, ಸೊಂಟ ಹಿಡಿದವರು ಸಂತೆಕಲ್ಲೂರು, ಗುರುಗುಂಟಾದಿಂದ ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಹಟ್ಟಿಯ ಗಣಿ ಕೆಲಸದವರೂ ಬರುತ್ತಿದ್ದರು. ಮುದುಕ ಕಣ್ಣು ಮುಚ್ಚಿ ಬೆರಳಾಡಿಸಿ, ಊರ ಸುದ್ದಿ ಏನಾದರೂ ಕೇಳಿ, ಅವರು ಉತ್ತರ ಹೇಳಲು ಬಾಯಿ ತೆರೆದ ಹೊತ್ತಿಗೆ ಫಟ್ಟನೆ ಎಳೆದುಬಿಡುತ್ತಿದ್ದ. ಚೀರುವಷ್ಟರಲ್ಲಿ ಎಲುಬು ತನ್ನ ಮನೆ ಸೇರಿರುತ್ತಿತ್ತು. ಅದಕ್ಕೆ ಅವನು ಇಸಿದುಕೊಳ್ಳುತ್ತಿದ್ದದ್ದು ಅಖಾಡಕ್ಕೆ ಹಾಕಲು ಒಂದು ಬಟ್ಟಲು ಎಣ್ಣೆ, ಅಷ್ಟೇ.

ಗರಡಿಯಲ್ಲಿ ಒಂದು ಕಟ್ಟು ಇತ್ತು. ಅಖಾಡದಲ್ಲಿ ಬಿದ್ದ ಪೆಟ್ಟು ಅಖಾಡದಲ್ಲೇ ವಾಸಿಯಾಗಬೇಕು. ಅದನ್ನು ಹೊರಗೆ ಒಯ್ದು ಹಕೀಮನಿಗೋ ಡಾಕ್ಟರಿಗೋ ತೋರಿಸುವುದೆಂದರೆ ತಾಯಿಯ ಕೈತುತ್ತು ಬಿಟ್ಟು ಖಾನಾವಳಿಗೆ ಹೋದಂತೆ. ಉಸ್ತಾದನ ಉಸ್ತಾದ ಹೇಳಿದ್ದು, ಅವನಿಗೆ ಅವನ ಉಸ್ತಾದ ಹೇಳಿದ್ದು. ಯಾರೂ ಮೀರಿರಲಿಲ್ಲ, ಮೀರುವ ಪ್ರಸಂಗವೂ ಬಂದಿರಲಿಲ್ಲ.

ಆ ಬಾಗಿಲ ಹಲಗೆಯ ಮೇಲೆ ಒಂದು ಕೊಡಲಿ ಏಟಿನ ಗುರುತಿತ್ತು. ಮೂರು ವರ್ಷದ ಹಿಂದೆ, ಈ ಸೀಮೆಯ ರಾಜನನ್ನು ಇಳಿಸಿದ ಪೊಲೀಸ್ ಆಕ್ಷನ್ ಮುಗಿದ ವಾರ, ಎಲ್ಲಿಂದಲೋ ಬಂದ ಗುಂಪೊಂದು ಉಸ್ತಾದನನ್ನು ಹುಡುಕಿಕೊಂಡು ಗರಡಿಗೆ ನುಗ್ಗಿತ್ತು. ಯಾರೋ ಮಾಡಿದ ಪಾಪಕ್ಕೆ ಯಾರನ್ನೋ ಹೊಡೆಯುವ ದಿನಗಳು ಅವು. ಆಗ ಹೊಲ ಮನೆ ಇದ್ದ ಹಂಪಣ್ಣ ಎಂಬ ಹಿರಿಯರು ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದು ಈ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಏಟು ಅವರ ತಲೆಗಿಂತ ಒಂದು ಗೇಣು ಮೇಲೆ ಬಿತ್ತು. ಒಳಗೆ ತಾಯಪ್ಪ, ಇನ್ನೂ ಹತ್ತು ಮಂದಿ ಉಸ್ತಾದನ ಸುತ್ತ ನಿಂತಿದ್ದರು. ಗುಂಪು ಬೈದುಕೊಂಡು ಹಿಂದಕ್ಕೆ ಹೋಯಿತು. ಮಾರನೆಯ ವರ್ಷ ಹಂಪಣ್ಣ ಜ್ವರ ಬಂದು ತೀರಿಕೊಂಡಾಗ ಹುಸೇನ್‌ಸಾಬ್ ಅವರ ಮಗನ ತಲೆಯ ಮೇಲೆ ಕೈಯಿಟ್ಟು, ‘ಇನ್ನ ಮ್ಯಾಲ ಇವ ನನ್ನ ಮಗ’ ಎಂದಿದ್ದ.

ಆ ಮಗನೇ ಅಮರಗುಂಡಪ್ಪ. ಇಪ್ಪತ್ನಾಲ್ಕು ವರ್ಷ. ಗರಡಿಯ ಹುಲಿ ಎಂದರೆ ಹುಲಿಯೇ. ಅವನ ಹಿಡಿತಕ್ಕೆ ಸಿಕ್ಕ ಮಣಿಕಟ್ಟು ಬಿಡಿಸಿಕೊಳ್ಳುವವನು ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಇರಲಿಲ್ಲ. ಆ ಪಂಚಮಿಗೆ ಸಿಂಧನೂರಿನ ಕಣದಲ್ಲಿ ಅವನ ಕುಸ್ತಿಯ ಜೋಡು ನಿಗದಿಯಾಗಿತ್ತು, ಇಡೀ ಗರಡಿಗೆ ಗರಡಿಯೇ ಹೋಗುವುದೆಂದು ಬಂಡಿಗಳನ್ನೂ ಗೊತ್ತುಮಾಡಿದ್ದರು.

ಆ ನಸುಕು ಅವನಿಗೆ ಜೋರ್ ಕೊಡುತ್ತಿದ್ದವನು, ಎಂದರೆ ಅಭ್ಯಾಸದ ಕುಸ್ತಿಗೆ ಎದುರು ನಿಂತವನು, ಸಂತೆಕಲ್ಲೂರಿನ ಗಿಡ್ಡಪ್ಪ. ಹೆಸರು ಗಿಡ್ಡಪ್ಪ, ಆಳು ಮಾತ್ರ ಬಾಗಿಲ ಚೌಕಟ್ಟಿಗೆ ದಿನಾ ಹಣೆ ಬಡಿಸಿಕೊಳ್ಳುವಷ್ಟು ಉದ್ದ. ಅವನು ಸೊಂಟದ ಮೇಲಿಂದ ಎತ್ತಿ ಹಾಕಿದ. ದಿನಕ್ಕೆ ಹತ್ತು ಸಲ ಹಾಕುವ ಪಟ್ಟೇ. ಅಮರಗುಂಡಪ್ಪ ದಿನಕ್ಕೆ ಹತ್ತು ಸಲ ಬೀಳುವ ಹಾಗೆಯೇ ಬಿದ್ದ. ಆದರೆ ತಲೆ ಮೊದಲು ನೆಲಕ್ಕೆ ತಾಗಿತು, ಮೈ ಅದರ ಮೇಲೆ ಬಂತು.

‘ಕುತಗಿ ಹಿಡದೈತಿ’ ಎಂದ ಅಮರಗುಂಡಪ್ಪ, ಮಲಗಿದಲ್ಲೇ. ‘ಕೈ ಜುಮ್ಮ್ ಅನ್ನಾಕತ್ತಾವ.’

ಅಷ್ಟು ಹೇಳಿ ನಕ್ಕ ಕೂಡ. ಯಾರಿಗೂ ಗಾಬರಿಯಾಗಲಿಲ್ಲ. ಕುತ್ತಿಗೆ ಹಿಡಿಯುವುದು ಗರಡಿಯಲ್ಲಿ ನೆಗಡಿ ಬಂದ ಹಾಗೆ. ಉಸ್ತಾದ ತಲೆಯ ಹತ್ತಿರ ಕೂತು ಎರಡೂ ಕೈಯಲ್ಲಿ ಗದ್ದ, ಹಿಂದಲೆ ಹಿಡಿದ. ತಾಯಪ್ಪನಿಗೆ ಭುಜ ಒತ್ತಿ ಹಿಡಿ ಎಂದ. ತಾಯಪ್ಪ ಒತ್ತಿದ. ಆಸರೆಗೆಂದು ಅಮರಗುಂಡಪ್ಪ ತಾಯಪ್ಪನ ಮಣಿಕಟ್ಟು ಹಿಡಿದುಕೊಂಡ. ಅದೇ ಹಿಡಿತ, ಎಲುಬು ನೋಯುವ ಹಿಡಿತ.

‘ಬೇಟಾ, ನಿಮ್ಮವ್ವ ಇವತ್ತ ಏನ್ ಅಡಿಗಿ ಮಾಡ್ಯಾಳ?’ ಎಂದು ಕೇಳಿದ ಉಸ್ತಾದ.

ಅಮರಗುಂಡಪ್ಪ ಬಾಯಿ ತೆರೆದ. ಉಸ್ತಾದ ಎಳೆದ.

ಸದ್ದೇನೂ ದೊಡ್ಡದಾಗಿ ಆಗಲಿಲ್ಲ. ತಾಯಪ್ಪನ ಮಣಿಕಟ್ಟಿನ ಮೇಲಿದ್ದ ಆ ಕೈ ಬಿಟ್ಟಿತು. ತಾನಾಗಿ ತೆಗೆದ ಹಾಗಲ್ಲ. ಹಗ್ಗ ಹರಿದ ಹಾಗೆ ಬಿಟ್ಟಿತು. ಅದು ಗೊತ್ತಾದದ್ದು ತಾಯಪ್ಪ ಒಬ್ಬನಿಗೇ. ಅವನು ಆ ಕೈ ಎತ್ತಿ ಮತ್ತೆ ತನ್ನ ಮಣಿಕಟ್ಟಿನ ಮೇಲೆ ಇಟ್ಟುಕೊಂಡ. ಅದು ಜಾರಿ ಮಣ್ಣಿಗೆ ಬಿತ್ತು.

ಒಂದು ದಿನ ಕಾದರು. ಬಿಸಿ ಎಣ್ಣೆ ಹಚ್ಚಿದರು, ಉಪ್ಪಿನ ಶಾಖ ಕೊಟ್ಟರು. ಎರಡನೆಯ ದಿನ ಉಸಿರಾಟವೇ ಕಷ್ಟವಾದಾಗ ತಾಯಿ ವೀರಭದ್ರಮ್ಮ ಬಂದು ನಿಂತಳು. ‘ನಿಮ್ಮ ಕಟ್ಟು ಕಟಗೊಂಡು ನಾ ಏನ್ ಮಾಡ್ಲಿ. ಬಂಡಿ ಹೂಡ್ರಿ’ ಎಂದಳು. ಉಸ್ತಾದ ತಲೆ ತಗ್ಗಿಸಿ ಕೂತಿದ್ದ, ಬೇಡ ಅನ್ನಲಿಲ್ಲ. ತಾಯಪ್ಪ, ಗಿಡ್ಡಪ್ಪ ಹುಲ್ಲು ಹಾಸಿದ ಬಂಡಿಯಲ್ಲಿ ಅವನನ್ನು ಲಿಂಗಸುಗೂರಿನ ದವಾಖಾನೆಗೆ ಒಯ್ದರು.

ಅಲ್ಲಿಯ ಡಾಕ್ಟರು ಸೂಜಿಯಿಂದ ಅಂಗಾಲು, ತೊಡೆ, ಹೊಟ್ಟೆ, ಅಂಗೈ ಚುಚ್ಚಿ ನೋಡಿದರು. ಅಮರಗುಂಡಪ್ಪ ಸುಮ್ಮನೆ ಸೂರು ನೋಡುತ್ತಿದ್ದ. ಆಮೇಲೆ ತಾಯಪ್ಪನನ್ನು ಜಗಲಿಗೆ ಕರೆದು ಮೆಲ್ಲಗೆ ಕೇಳಿದರು.

‘ಬಿದ್ದ ಮ್ಯಾಲ ಕೈ ಆಡತಿದ್ವೇನು?’

‘ಹೂನ್ರಿ. ನನ್ನ ಕೈ ಹಿಡದಿದ್ದ.’

‘ಮತ್ತ ಯಾರು ಎಳದ್ರು ಈ ಕುತಗಿ?’

ತಾಯಪ್ಪ ತನ್ನ ಮಣಿಕಟ್ಟು ಉಜ್ಜಿಕೊಂಡ.

‘ಎಲುಬು ಸೀಳಿತ್ತು, ಅಷ್ಟ. ಅಲುಗಾಡಸದಂಗ ಒಂದು ಹಲಗಿ ಮ್ಯಾಲ ಮಲಗಿಸಿ ತರಬೇಕಿತ್ತು. ಹಲಗಿ ಇಲ್ಲಂದ್ರ ಮನಿ ಬಾಗಲಾ ಕಿತ್ತಾದ್ರೂ ಸೈ. ಆಗಿದ್ರ ಇವ ನಡಿತಿದ್ನೋ ಏನೋ. ಎಳದು ಒಳಗಿನ ನರಾನ ಹರದಾರ. ಇನ್ನ ಯಾವ ಔಷಧದಿಂದಲೂ ಆಗೂದಲ್ಲಪ್ಪಾ ಇದು. ಹುಣ್ಣು ಆಗದಂಗ ನೋಡಿಕೊಳ್ರಿ. ಎಷ್ಟು ದಿನ ಇರತಾನೋ ಅಷ್ಟು ದಿನ.’

ಗಿಡ್ಡಪ್ಪ ಆ ಹೊತ್ತಿಗೆ ಎತ್ತಿಗೆ ನೀರು ತೋರಿಸಲು ಹೋಗಿದ್ದ. ಬಂದವನು ‘ಏನಂದ್ರೋ’ ಎಂದು ಕೇಳಿದ. ಅವನ ಮುಖ ನೋಡಬಾರದಾಗಿತ್ತು. ಎತ್ತಿ ಹಾಕಿದವನು ನಾನು ಅನ್ನುವ ಕೊರಗಿನಲ್ಲಿ ಎರಡು ದಿನದಿಂದ ಅವನು ನೀರೂ ಮುಟ್ಟಿರಲಿಲ್ಲ.

‘ಟೈಮ್ ಹಿಡಿತೈತಂತ’ ಎಂದುಬಿಟ್ಟ ತಾಯಪ್ಪ.

ಒಂದು ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಹಾಗೆ ಹೋದದ್ದು ಮತ್ತೆ ಕೈಗೆ ಬರಲಿಲ್ಲ. ದಾರಿಯುದ್ದಕ್ಕೂ ಅವನು ಲೆಕ್ಕ ಹಾಕಿದ. ನಿಜ ಹೇಳಿದರೆ ಉಸ್ತಾದ ಆ ದಿನವೇ ಬಾವಿ ನೋಡಿಕೊಳ್ಳುತ್ತಾನೆ. ಅವನು ಉಳಿದರೂ ಊರಿನವರು ಅವನನ್ನು ಬಿಡುವುದಿಲ್ಲ. ಬಾಗಿಲ ಮೇಲಿನ ಗುರುತು ಇನ್ನೂ ಹಸಿಯಾಗಿದೆ. ಹಂಪಣ್ಣನ ಮಗನ ಕುತ್ತಿಗೆ ಸಾಬ ಮುರಿದ ಅನ್ನುವ ಒಂದು ಸೊಲ್ಲು ಸಾಕು, ಈ ಸಲ ಬೆನ್ನು ಕೊಟ್ಟು ಕೂರಲು ಹಂಪಣ್ಣನಿಲ್ಲ. ಮತ್ತು ಭುಜ ಒತ್ತಿ ಹಿಡಿದದ್ದು ಯಾರು? ತಾನೇ. ಅದನ್ನೂ ಲೆಕ್ಕಕ್ಕೆ ಹಿಡಿದ, ಸುಳ್ಳೇಕೆ. ಬಿಸಿ ತುಪ್ಪ ಬಾಯಲ್ಲಿ, ನುಂಗಲಾರ, ಉಗುಳಲಾರ.

ಊರಿಗೆ ಬಂದ ಸಂಜೆ ಉಸ್ತಾದ ಎಲ್ಲರನ್ನೂ ಅಖಾಡದ ಸುತ್ತ ಕೂರಿಸಿದ.

‘ಟೈಮ್ ಹಿಡಿತೈತಿ ಅಂದಾರಂತ. ಹಿಡೀಲಿ. ಈ ಮಣ್ಣಾಗ ಬಿದ್ದಾನ, ಈ ಮಣ್ಣೇ ಅವನ್ನ ಎಬ್ಬಸ್ತೈತಿ. ದಿನಾ ತರಬೇಕು. ಎಣ್ಣಿ ಹಚ್ಚಬೇಕು, ಮಣ್ಣಾಗ ಮಲಗಸ್ಬೇಕು, ಕೈ ಕಾಲು ಆಡಸ್ಬೇಕು. ಒಂದು ದಿನ ತಪ್ಪಬಾರದು. ಯಾರ್ ಬರ್ತೀರಿ?’

ಹನ್ನೊಂದು ಮಂದಿಯೂ ಕೈ ಎತ್ತಿದರು. ತಾಯಪ್ಪನೂ ಎತ್ತಿದ.

ಹಾಗೆ ಶುರುವಾಯಿತು. ಚುಕ್ಕಿ ಇರುವಾಗಲೇ ನಾಲ್ಕು ಮಂದಿ ವೀರಭದ್ರಮ್ಮನ ಮನೆಗೆ ಹೋಗಿ ಅಮರಗುಂಡಪ್ಪನನ್ನು ಹಗ್ಗ ಹೆಣೆದ ಹೊರಸಿನ ಸಮೇತ ಹೊತ್ತು ತರುವುದು. ಗರಡಿಯ ಬಾಗಿಲಿಗೆ ಬಂದರೆ ಹೊರಸು ಹಿಡಿಸುವುದಿಲ್ಲ. ಆಗ ಅವನನ್ನು ಕಂಬಳಿಗೆ ವರ್ಗಾಯಿಸಿ, ನಾಲ್ಕು ಮೂಲೆಗೆ ನಾಲ್ವರು ಮೊಣಕಾಲೂರಿ, ಮಗುವಿನ ಹಾಗೆ ಅಂಬೆಗಾಲಿಟ್ಟು ಒಳಗೆ ಹೋಗುವುದು. ಮಲಗಿದವನು ತಲೆ ಬಾಗಿಸಲಾರ. ಅವನ ಪಾಲಿನದನ್ನೂ ಹೊತ್ತವರೇ ಬಾಗಬೇಕು. ದಿನವೂ ಉಜ್ಜಿ ಉಜ್ಜಿ ಎಲ್ಲರ ಮೊಣಕಾಲಿಗೆ ಜಡ್ಡು ಕಟ್ಟಿತು. ಗಿಡ್ಡಪ್ಪ ಸಂತೆಕಲ್ಲೂರಿನಿಂದ ದಿನಾ ನಡೆದು ಬರುತ್ತಿದ್ದವನು, ತಡವಾಗುತ್ತದೆಂದು ಗರಡಿಯ ಹಿಂದಿನ ಚಪ್ಪರದಲ್ಲೇ ಮಲಗತೊಡಗಿದ. ಹೆಂಡತಿ ಬಂದು ಬೈದುಹೋದಳು, ಆಮೇಲೆ ಅವಳೇ ಬುತ್ತಿ ಕಳಿಸಿದಳು.

ಅಖಾಡದ ಒಂದು ಮೂಲೆಯಲ್ಲಿ ಅವನನ್ನು ಎದೆಮಟ್ಟ ಮಣ್ಣು ಹೊದಿಸಿ ಮಲಗಿಸುತ್ತಿದ್ದರು. ಅಲ್ಲಿಂದಲೇ ಅವನು ಉಳಿದವರ ಕುಸ್ತಿ ನೋಡಿ ತಪ್ಪು ಹೇಳುತ್ತಿದ್ದ. ಆಮೇಲೆ ಉಸ್ತಾದ ಮಣ್ಣು ಸರಿಸಿ, ಪಾದದಿಂದ ಶುರುಮಾಡಿ ಒಂದೊಂದೇ ಬೆರಳು ಹಿಡಿದು ತೀಡುತ್ತಿದ್ದ.

‘ಹೆಬ್ಬಟ್ಟು ಆಡಸು ಬೇಟಾ. ಮನಸನ್ನ ಹೆಬ್ಬಟ್ಟಿಗೆ ಒಯ್ಯಿ.’

ಅಮರಗುಂಡಪ್ಪ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಹಣೆಯಲ್ಲಿ ಬೆವರು ಇಳಿಯುವವರೆಗೆ ಮನಸ್ಸನ್ನು ಕಾಲಿನ ಹೆಬ್ಬೆರಳಿಗೆ ಒಯ್ಯುತ್ತಿದ್ದ. ಗರಡಿಗೆ ಗರಡಿಯೇ ಉಸಿರು ಹಿಡಿದು ಆ ಬೆರಳನ್ನು ನೋಡುತ್ತಿತ್ತು. ಸಾಲಾಗಿ ಸಾವಿರ ಬೈಠಕ್ ಹೊಡೆಯುತ್ತಿದ್ದವನು ಅವನು. ಅದಕ್ಕೂ ಇಷ್ಟು ಬೆವರು ಬಂದದ್ದನ್ನು ತಾಯಪ್ಪ ಕಂಡಿರಲಿಲ್ಲ.

‘ಆಡಿತು, ನಾ ನೋಡಿದೆ’ ಎನ್ನುತ್ತಿದ್ದ ಯಂಕೋಬ.

ಯಂಕೋಬ ಬಸ್ ನಿಲ್ಲುವ ಕಡೆ ಚಹಾದಂಗಡಿ ಇಟ್ಟವನು. ಅವನ ಬಾಯಿಗೆ ರಜೆ ಎಂಬುದಿಲ್ಲ. ಮಲ್ಲಗಂಬ ಏರಿದನೆಂದರೆ ತಲೆಕೆಳಗಾಗಿ ಜೋತುಬಿದ್ದುಕೊಂಡೇ ಊರಿನ ಸುದ್ದಿ ಹೇಳುವ ಭೂಪ. ಮೊದಲ ಸಲ ವೋಟು ಬಿದ್ದ ದಿನ ಅಮರಗುಂಡಪ್ಪನನ್ನು ಹೊರಸಿನ ಮೇಲೆ ಒಯ್ಯೋಣ ಎಂದು ಹಟ ಹಿಡಿದು ಒಯ್ದವನು ಅವನೇ. ‘ರಾಜ ಹೋಗ್ಯಾನ, ಇನ್ನ ನಾವ ರಾಜರು. ನಮ್ಮ ರಾಜಾಗ ಪಲ್ಲಕ್ಕಿ ಬ್ಯಾಡೇನು?’ ಎಂದು ಸಾಲಿನಲ್ಲಿದ್ದವರನ್ನೆಲ್ಲ ನಗಿಸಿದ್ದ. ಅಮರಗುಂಡಪ್ಪನೂ ನಕ್ಕಿದ್ದ. ಯಂಕೋಬನ ಆ ‘ಆಡಿತು’ ಕೇಳಿದರೆ ತಾಯಪ್ಪನಿಗೆ ಎದ್ದು ಹೋಗಿ ಅವನ ಬಾಯಿಗೆ ಮಣ್ಣು ತುಂಬಬೇಕು ಅನಿಸುತ್ತಿತ್ತು. ಆಡಿರಲಿಲ್ಲ. ಆಡುವುದೂ ಇಲ್ಲ. ಅದು ಗೊತ್ತಿದ್ದೂ ಮೊದಲು ಬಂದು ಮೊದಲ ಮೂಲೆ ಹೊರುವವನು ತಾನೇ.

ಹೇಳಿಬಿಡಬೇಕೆಂದು ಎಷ್ಟು ಸಲ ಹೋದ. ಒಮ್ಮೆ ವೀರಭದ್ರಮ್ಮನ ಮನೆಯ ಪಡಸಾಲೆಯಲ್ಲಿ ಕೂತು ಬಾಯಿ ತೆರೆದೇಬಿಟ್ಟಿದ್ದ. ಅವಳು ಮಗನ ಬೆನ್ನು ತೋರಿಸಿ, ‘ನೋಡೋ ತಾಯಪ್ಪ, ವರ್ಷ ಆಗಾಕ ಬಂತು, ಒಂದು ಹುಣ್ಣಿಲ್ಲ. ಎಲ್ಲಾ ನಿಮ್ಮ ಎಣ್ಣಿ, ನಿಮ್ಮ ಕೈಗುಣ. ಎದ್ದ ದಿನ ಹನ್ನೊಂದು ಮಂದಿಗೂ ಹೋಳಿಗಿ ಉಣಸ್ತೀನಿ’ ಎಂದಳು. ಬಾಯಿ ಮುಚ್ಚಿಕೊಂಡು ಎದ್ದು ಬಂದ. ಏನು ಗಂಡಸೋ ಏನು ಮೈಯೋ. ಎರಡು ಅಂಡಿಗೆ ಒಟ್ಟಿಗೆ ಹೊರುವವನಿಗೆ ಒಂದು ಮಾತು ಇಳಿಸಿಡಲು ಆಗಲಿಲ್ಲ.

ಬೇಸಿಗೆಯಲ್ಲಿ ಹುಸೇನ್‌ಸಾಬ್ ಲಿಂಗಸುಗೂರಿನಲ್ಲಿದ್ದ ತಂಗಿ ಹುಸೇನ್‌ಬೀಯ ಮನೆಗೆ ಉರುಸಿಗೆಂದು ಹೋಗಿ ಮೂರು ದಿನ ಇದ್ದು ಬಂದ. ಬಂದವನು ಸೊರಗಿದ್ದ. ಬಿಸಿಲು ತಾಗಿದೆ ಎಂದರು. ಅಲ್ಲಿಂದ ಮುಂದೆ ಎಲುಬು ಕೂರಿಸುವ ಕೆಲಸ ಬಿಟ್ಟುಬಿಟ್ಟ. ಗುರುಗುಂಟಾದಿಂದ ಕೈ ಮುರಿದುಕೊಂಡು ಬಂದವನಿಗೆ, ‘ನನ್ನ ಕೈ ಬಳ್ಳಾಗ ಕಸುವಿಲ್ಲಪ್ಪಾ, ಲಿಂಗಸುಗೂರಿಗೆ ಹೋಗು’ ಎಂದು ಕಳಿಸಿದ. ಮುಪ್ಪು ಎಂದುಕೊಂಡರು ಎಲ್ಲರೂ, ತಾಯಪ್ಪನೂ. ಅಮರಗುಂಡಪ್ಪನಿಗೆ ತೀಡುವುದು ಮಾತ್ರ ನಿಲ್ಲಲಿಲ್ಲ. ಮೊದಲು ಒಂದು ತಾಸು ತೀಡುತ್ತಿದ್ದವನು ಈಗ ಎರಡು ತಾಸು ತೀಡುತ್ತಿದ್ದ. ‘ಹೆಬ್ಬಟ್ಟು ಆಡಸು’ ಎನ್ನುವುದನ್ನು ನಿಲ್ಲಿಸಿದ್ದ. ಅಮರಗುಂಡಪ್ಪ ತಾನಾಗಿಯೇ ಕಣ್ಣು ಮುಚ್ಚಿ ಹಲ್ಲು ಕಚ್ಚುತ್ತಿದ್ದ.

ಮತ್ತೆ ಪಂಚಮಿ ಬಂತು. ಹಬ್ಬಕ್ಕೆ ಐದು ದಿನ ಇತ್ತು. ಅಮರಗುಂಡಪ್ಪ ಮೂಲೆಯಲ್ಲಿ ಎದೆಮಟ್ಟ ಮಣ್ಣು ಹೊದ್ದು ಮಲಗಿದ್ದ, ಉಸ್ತಾದ ಪಕ್ಕದಲ್ಲಿ ಎಣ್ಣೆ ಬಟ್ಟಲು ಇಟ್ಟುಕೊಂಡು ಕೂತಿದ್ದ, ಯಂಕೋಬ ಮಲ್ಲಗಂಬದ ತುದಿಯಲ್ಲಿದ್ದ. ಹಬ್ಬಕ್ಕೆಂದು ಕಂಬಕ್ಕೆ ಹೊಸ ಎಣ್ಣೆ ಹಚ್ಚಿದ್ದರು.

‘ಈ ಸಲ ಸಿಂಧನೂರಾಗ ಒಬ್ಬ ಬರ್ತಾನಂತ’ ಎನ್ನುತ್ತಿದ್ದ ಯಂಕೋಬ, ತಲೆಕೆಳಗಾಗಿ. ‘ಅವನ ಮೀಸಿ ಎಷ್ಟಪಾ ಅಂದ್ರ’

ಮಾತು ಅಲ್ಲಿಗೇ ನಿಂತಿತು. ತೊಡೆ ಜಾರಿತು, ಅವನು ಬಿದ್ದ. ಕಂಬದ ಬುಡದಲ್ಲಿ ಕತ್ತು ಮುದುರಿ ಬಿದ್ದವನು ಕಣ್ಣು ಬಿಟ್ಟುಕೊಂಡಿದ್ದ, ಮಾತಿರಲಿಲ್ಲ. ಯಂಕೋಬನ ಬಾಯಿ ಮುಚ್ಚಿದ್ದನ್ನು ಯಾರೂ ಯಾವತ್ತೂ ಕಂಡಿರಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದ.

‘ಕೈ ಜುಮ್ಮ್ ಅನ್ನಾಕತ್ತಾವ.’

ಎಲ್ಲರೂ ಉಸ್ತಾದನ ಕಡೆ ತಿರುಗಿದರು. ರೂಢಿ, ಏನು ಮಾಡುವುದು. ಗಿಡ್ಡಪ್ಪ ಯಂಕೋಬನ ತಲೆ ಎತ್ತಲು ಆಗಲೇ ಬಗ್ಗಿದ್ದ.

‘ಮುಟ್ಟಬ್ಯಾಡ’ ಎಂದ ಹುಸೇನ್‌ಸಾಬ್.

ಗಿಡ್ಡಪ್ಪ ಹಾಗೇ ನಿಂತ.

‘ಯಾರೂ ಮುಟ್ಟಬ್ಯಾಡ್ರಿ. ತಲಿ ಅಲುಗಾಡಬಾರದು. ಬಾಗಲಾ ಕೀಳ್ರಿ.’

‘ಉಸ್ತಾದ, ನೀವ ಒಂದು ಸಲ ಬೆರಳಾಡಿಸಿ’ ಎಂದ ಗಿಡ್ಡಪ್ಪ.

‘ಬಾಗಲಾ ಕೀಳು ಅಂದೆ. ಬಾಗಲದ ಮ್ಯಾಲ ಮಲಗಿಸಿ ಲಿಂಗಸುಗೂರಿಗೆ ಒಯ್ಯಿರಿ.’

ತಾಯಪ್ಪನ ಕಿವಿಗೆ ಅದು ಉಸ್ತಾದನ ಮಾತಾಗಿ ಬೀಳಲಿಲ್ಲ. ದವಾಖಾನೆಯ ಜಗಲಿಯಲ್ಲಿ ತಾನೊಬ್ಬನೇ ಕೇಳಿದ್ದ ಮಾತು ಅದು. ಮುದುಕ ಉರುಸಿಗೆ ಹೋಗಿರಲಿಲ್ಲ. ಆ ಡಾಕ್ಟರನ್ನು ಹುಡುಕಿಕೊಂಡು ಹೋಗಿದ್ದ.

ಗಿಡ್ಡಪ್ಪ ಗುದ್ದಲಿಯಿಂದ ಚೌಕಟ್ಟು ಮೀಟಿ, ಕೊಡಲಿ ಗುರುತಿನ ಹಲಗೆಯನ್ನು ಕಿತ್ತ. ಯಂಕೋಬನನ್ನು ಇದ್ದಂತೆಯೇ ಅದರ ಮೇಲೆ ಸರಿಸಿದರು. ತಲೆಯ ಎರಡೂ ಬದಿಗೆ ಮಣ್ಣಿನ ಚೀಲ ಇಡಿಸಿದ ಉಸ್ತಾದ, ತಾನು ಮಾತ್ರ ಹತ್ತಿರ ಹೋಗಲಿಲ್ಲ, ಕೈ ಕಂಕುಳಲ್ಲಿ ಇಟ್ಟುಕೊಂಡೇ ಹೇಳುತ್ತಿದ್ದ. ಒಂದು ಗಳಿಗೆಯಲ್ಲಿ ಒಂಬತ್ತು ಮಂದಿ ಯಂಕೋಬನನ್ನು ಹೊತ್ತು ಹೊರಗೆ ಹೋದರು. ಬಂಡಿಯ ಸದ್ದು ದೂರವಾಯಿತು.

ಗರಡಿಯಲ್ಲಿ ಮೂವರು ಉಳಿದರು. ಬಾಗಿಲಿಲ್ಲದ ಕಿಂಡಿಯಿಂದ ಬೆಳಗಿನ ಬಿಸಿಲು ನೇರ ಅಖಾಡದ ಮೇಲೆ ಬಿದ್ದಿತ್ತು. ಅಮರಗುಂಡಪ್ಪ ಮಣ್ಣಿನಲ್ಲಿ ಮಲಗಿದಲ್ಲಿಂದ ಎಲ್ಲವನ್ನೂ ನೋಡಿದ್ದ. ಅವನನ್ನು ಅಗೆದು ತೆಗೆಯಬೇಕಿತ್ತು. ಅದಕ್ಕೆಂದೇ ತಾಯಪ್ಪ ಉಳಿದಿದ್ದ.

‘ಯಂಕೋಬಗ ಬಾಗಲಾ ಕೀಳಿಸಿದ್ರಿ’ ಎಂದ ಅಮರಗುಂಡಪ್ಪ. ‘ನನಗ್ಯಾಕ ಕೀಳಲಿಲ್ಲ ಉಸ್ತಾದ?’

ಹುಸೇನ್‌ಸಾಬ್ ತನ್ನ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದ. ‘ಆವಾಗ ಗೊತ್ತಿರಲಿಲ್ಲ ಬೇಟಾ.’

‘ಯಾವಾಗ ಗೊತ್ತಾತು?’

‘ಬ್ಯಾಸಗ್ಯಾಗ.’

ಅಮರಗುಂಡಪ್ಪ ಕಣ್ಣು ತಿರುಗಿಸಿ ತಾಯಪ್ಪನನ್ನು ನೋಡಿದ. ‘ನಿನಗ?’

ಸುಳ್ಳು ಹೇಳಬಹುದಿತ್ತು. ವರ್ಷವಿಡೀ ಹೇಳಿದ್ದವನಿಗೆ ಇನ್ನೊಂದು ಭಾರವೇ? ಆದರೆ ಆ ಕಣ್ಣಿನ ಮುಂದೆ ಸುಳ್ಳಿಗೆ ನಾಲಿಗೆ ಹೊರಳಲಿಲ್ಲ.

‘ಮೊದಲನೇ ದಿನ.’

ಸಿಟ್ಟು ಬಂದರೆ ಬೈಯಲಿ, ಉಗಿಯಲಿ ಎಂದು ತಾಯಪ್ಪ ಕಾದ. ಅಮರಗುಂಡಪ್ಪ ಸೂರು ನೋಡುತ್ತ ಮಾತಾಡಿದ, ದನಿ ಎತ್ತರಿಸಲೂ ಇಲ್ಲ.

‘ದಿನಾ ನಸಿಕಿನ್ಯಾಗ ಹೆಬ್ಬಟ್ಟು ಆಡಸಾಕ ಬಡಕೊಂಡೆನಲ್ಲೋ. ಮನ್ಯಾಗೂ ಬಡಕೊಂತಿದ್ದೆ, ಯಾರಿಗೂ ಕಾಣದಂಗ. ನಂದ ತಪ್ಪು ಅಂತ ತಿಳಕೊಂಡಿದ್ದೆ. ನನಗ ಮನಸ್ಸು ಸಾಲವಲ್ದು, ಹನ್ನೊಂದು ಮಂದಿ ಇಷ್ಟು ಮಾಡಾಕತ್ತಾರ, ನಾ ಹೇಡಿ, ನನ್ನಿಂದ ಒಂದು ಬಳ್ಳು ಆಡಸಾಕ ಆಗವಲ್ದು ಅಂತ. ಒಬ್ಬರರೆ ಹೇಳಬಾರದೇನು.’

ಹುಸೇನ್‌ಸಾಬ್ ಎಣ್ಣೆ ಬಟ್ಟಲಿಗೆ ಕೈ ಹಾಕಿದ.

‘ಅಗದು ತಗೀ’ ಎಂದ ಅಮರಗುಂಡಪ್ಪ ತಾಯಪ್ಪನಿಗೆ. ‘ಮನಿಗೆ ಒಯ್ಯಿ. ನಾಳಿಂದ ಬರಬ್ಯಾಡ್ರಿ.’

ತಾಯಪ್ಪ ಕೈಯಿಂದಲೇ ಮಣ್ಣು ಸರಿಸಿದ. ಅಷ್ಟು ಎಣ್ಣೆ ಕುಡಿದ ಮೈ ಹೊಳೆಯುತ್ತಿತ್ತು. ಒಳಗೆ ಒಣಗಿ ಕಟ್ಟಿಗೆಯಾಗಿತ್ತು. ಅವನನ್ನು ಒಬ್ಬನೇ ಎತ್ತಿ ಹೆಗಲಿಗೆ ಹಾಕಿಕೊಳ್ಳುವುದು ಕಷ್ಟವಾಗಲಿಲ್ಲ. ಹತ್ತಿಯ ಅರ್ಧ ಅಂಡಿಗೆಯೂ ಇರಲಿಲ್ಲ ಭಾರ. ಗಿಡ್ಡ ಚೌಕಟ್ಟಿನಲ್ಲಿ ಅವನು ಮೊಣಕಾಲೂರಿ ಹೊರಬಂದ.

ಸಂಜೆ ಗಿಡ್ಡಪ್ಪ ಲಿಂಗಸುಗೂರಿನಿಂದ ಬಂದು ಸುದ್ದಿ ಹೇಳಿದ. ಯಂಕೋಬನ ಎಲುಬು ಸೀಳಿದೆ, ನರಕ್ಕೆ ಏನೂ ಆಗಿಲ್ಲ. ಮೂರು ತಿಂಗಳು ಮಲಗಬೇಕು, ಆಮೇಲೆ ನಡೆಯುತ್ತಾನೆ. ಬಾಗಿಲ ಮೇಲೆ ತಂದ ಪುಣ್ಯಾತ್ಮರು ಯಾರು ಎಂದು ಡಾಕ್ಟರು ಬೆನ್ನು ತಟ್ಟಿದರಂತೆ. ಹೇಳುತ್ತ ಹೇಳುತ್ತ ಗಿಡ್ಡಪ್ಪನ ದನಿ ಸಣ್ಣದಾಯಿತು. ಅಮರಗುಂಡಪ್ಪನನ್ನೂ ಹೀಗೇ ಒಯ್ದಿದ್ದರೆ ಎಂದು ಹೋಗುವ ದಾರಿಯಲ್ಲಿ ಅವನೂ ಲೆಕ್ಕ ಹಾಕಿದ್ದ, ಬಂಡಿಯ ಜೊತೆ ಹೋದ ಎಲ್ಲರೂ ಹಾಕಿದ್ದರು.

ಮಾರನೆಯ ನಸುಕು ತಾಯಪ್ಪನಿಗೆ ಎಚ್ಚರವಾಯಿತು. ಹೋಗಬಾರದು ಎಂದುಕೊಂಡೇ ಎದ್ದ. ಕಾಲು ತಮ್ಮ ಪಾಡಿಗೆ ವೀರಭದ್ರಮ್ಮನ ಮನೆಯ ದಾರಿ ಹಿಡಿದವು. ಕಟ್ಟೆಯ ಮೇಲೆ ಗಿಡ್ಡಪ್ಪ ಕೂತಿದ್ದ. ಅವನ ಪಕ್ಕ ಇನ್ನೂ ಇಬ್ಬರು. ಸ್ವಲ್ಪ ಹೊತ್ತಿಗೆ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಕೊನೆಗೆ ಹುಸೇನ್‌ಸಾಬ್ ಗೋಡೆ ಹಿಡಿದುಕೊಂಡು ಬಂದ, ಇನ್ನೊಂದು ಕೈಯಲ್ಲಿ ಎಣ್ಣೆ ಬಟ್ಟಲಿತ್ತು, ಬಿಸಿ ಮಾಡಿ ತಂದಿದ್ದ. ಕದ ಬಡಿಯುವ ಧೈರ್ಯ ಯಾರಿಗೂ ಆಗಲಿಲ್ಲ.

ಬೆಳಕು ಹರಿದ ಮೇಲೆ ವೀರಭದ್ರಮ್ಮ ಕದ ತೆಗೆದಳು. ಸಾಲಾಗಿ ಕೂತ ಮಂದಿಯನ್ನು ನೋಡಿ ನಿಂತಳು. ಅವಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

‘ಇವತ್ತ ಬರೂದಿಲ್ಲಂತ’ ಎಂದಳು. ‘ಅವರ ದನಿ ಕೇಳಾಕತ್ತೈತಿ, ನನ್ನ ಗ್ವಾಡಿ ಕಡಿ ಹೊಳ್ಳಸಿ ಮಲಗಸು ಅಂದ. ಹೊಳ್ಳಸಿ ಬಂದೀನಿ. ಯಾಕಪಾ, ಏನಾರ ಅಂದ್ರೇನು ನೀವು?’

ತಾಯಪ್ಪ ಉಸ್ತಾದನ ಕಡೆ ನೋಡಿದ. ಉಸ್ತಾದ ಬಟ್ಟಲು ನೋಡುತ್ತಿದ್ದ.

‘ಏನೂ ಅಂದಿಲ್ಲಬೇ ಯವ್ವಾ’ ಎಂದ ತಾಯಪ್ಪ. ‘ಅದ ಆಗಿದ್ದು.’

ಅವಳು ಅರ್ಥವಾಗದೆ ಒಳಗೆ ಹೋದಳು. ಕದ ಹಾಕಲಿಲ್ಲ. ಹನ್ನೊಂದರಲ್ಲಿ ಒಬ್ಬ ಲಿಂಗಸುಗೂರಿನಲ್ಲಿದ್ದ. ಉಳಿದ ಹತ್ತು ಮಂದಿ ಮತ್ತು ಮುದುಕ, ಎಣ್ಣೆ ಆರುವವರೆಗೂ ಆ ಕಟ್ಟೆಯ ಮೇಲೆ ಕೂತಿದ್ದರು.